ಹಳೆಯ ಮಡೀರಾ ವೈನ್: ಏಕೆ ವಿರಳ, ಏಕೆ ದುಬಾರಿ, ಈಗ ಏನನ್ನು ಕೊಳ್ಳಬಹುದು?

ಪ್ರಶ್ನೆ: ನಾನು ಬೆಂಗಳೂರಿನ ನಿವಾಸಿ. ಪೋರ್ಚುಗಲ್ ಪ್ರವಾಸಕ್ಕೆ ಹೋಗಿದ್ದಾಗ ಮಡೀರಾ ದ್ವೀಪದ ಫುಂಚಾಲ್ ನಗರದಲ್ಲಿ 1977ರ ಬುವಾಲ್ ಎಂಬ ದ್ರಾಕ್ಷಿತಳಿಯ ವೈನಿನ ಎರಡು ಬಾಟಲಿ ಕೊಂಡು ತಂದೆ. ಈಚೆಗೆ ಅದೇ ವೈನಿನ ಬೆಲೆ ವಿಚಾರಿಸಿದಾಗ ನಾನು ಕೊಟ್ಟದ್ದಕ್ಕಿಂತ ಸಾಕಷ್ಟು ಹೆಚ್ಚಾಗಿರುವುದು ತಿಳಿಯಿತು. 19ನೇ ಶತಮಾನದ ಬಾಟಲಿಗಳಂತೂ ನನ್ನ ಎಟುಕಿಗೆ ಮೀರಿವೆ. ಬೆಲೆ ಹೀಗೆ ಏರುತ್ತಿರುವುದು ಏಕೆ? ಈಗ ಸಂಗ್ರಹ ಆರಂಭಿಸಿದರೆ ತಡವಾದಂತೆಯೇ? ಇದನ್ನು ಹೂಡಿಕೆ ಎಂದು ಪರಿಗಣಿಸಬಹುದೇ? ಅಸಲಿ ಹಳೆಯ ವೈನನ್ನು ಗುರುತಿಸುವುದು ಹೇಗೆ ಮತ್ತು ಮನೆಯಲ್ಲಿ ಅದನ್ನು ಹೇಗೆ ಇಡಬೇಕು?

ಉತ್ತರ: ನೀವು ಕೇಳಿರುವ ನಾಲ್ಕೂ ಪ್ರಶ್ನೆಗಳಿಗೆ ಮೂಲ ಒಂದೇ: ನೂರು ವರ್ಷದ ಮಡೀರಾ ವೈನ್ ಇಂದು ನಮಗೆ ಸಿಗುತ್ತಿರುವುದಾದರೂ ಹೇಗೆ ಎಂಬುದು. ಅದನ್ನು ಮೊದಲು ತಿಳಿದುಕೊಂಡರೆ ಬೆಲೆ, ಸಂಗ್ರಹ ಮತ್ತು ಅಸಲಿತನದ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

ಅಟ್ಲಾಂಟಿಕ್ ಸಾಗರದಲ್ಲಿ, ಮೊರಾಕೊ ಕರಾವಳಿಯಿಂದ ಪಶ್ಚಿಮಕ್ಕಿರುವ ಮಡೀರಾ ಒಂದು ಕಡಿದಾದ ಜ್ವಾಲಾಮುಖಿ ದ್ವೀಪ. ಪೋರ್ಚುಗೀಸರು 1419ರ ಸುಮಾರಿಗೆ ಅಲ್ಲಿ ಇಳಿದ ಮೇಲೆ ಬೆಟ್ಟದ ಇಳಿಜಾರುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ತಡೆಗೋಡೆ ಕಟ್ಟಿ, ಮಳೆ ಹೆಚ್ಚಾಗಿ ಸುರಿಯುವ ಉತ್ತರ ಭಾಗದಿಂದ ಲೆವಾಡಾ ಎಂಬ ಕಿರುಗಾಲುವೆಗಳ ಮೂಲಕ ನೀರು ಹರಿಸಿ ಬೇಸಾಯ ಮಾಡಿದರು. ಅಮೆರಿಕ ಮತ್ತು ಭಾರತದ ಕಡೆಗೆ ಹೊರಟ ಹಡಗುಗಳು ನೀರು ಮತ್ತು ಆಹಾರಕ್ಕಾಗಿ ಫುಂಚಾಲಿನಲ್ಲಿ ನಿಲ್ಲುತ್ತಿದ್ದವು. ಜೊತೆಗೆ ವೈನಿನ ಪೀಪಾಯಿಗಳನ್ನೂ ಹೇರಿಕೊಳ್ಳುತ್ತಿದ್ದವು. ಉಷ್ಣವಲಯವನ್ನು ದಾಟುವಾಗ ಹಡಗಿನ ಒಡಲಿನಲ್ಲಿ ತಿಂಗಳುಗಟ್ಟಲೆ ಕಾದು ಕುಲುಕಿದ ಈ ವೈನು ಕೆಡುವುದಿರಲಿ, ಹೊರಟಾಗ ಇದ್ದುದಕ್ಕಿಂತ ಚೆನ್ನಾಗಿರುತ್ತದೆ ಎಂಬುದು ವ್ಯಾಪಾರಿಗಳ ಅನುಭವಕ್ಕೆ ಬಂತು. ಹೋಗಿ ಮರಳಿ ಬಂದ ಪೀಪಾಯಿಗಳ ವೈನಿಗೆ ಹೆಚ್ಚಿನ ಬೆಲೆ ಕಟ್ಟುವುದು 18ನೇ ಶತಮಾನದಲ್ಲಿ ರೂಢಿಯಾಯಿತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಮದರಾಸು, ಮುಂಬಯಿ ಮತ್ತು ಕಲ್ಕತ್ತೆಗೆ ಬಂದು, ಇಲ್ಲಿಂದ ಲಂಡನ್ನಿಗೆ ಹೋದ ಮಡೀರಾಕ್ಕೆ ಆಗ ಬೇರೆಯದೇ ಗೌರವವಿತ್ತು. ಈ ವೈನಿನ ಗುಣವನ್ನು ಜಗತ್ತು ಕಂಡುಕೊಂಡ ದಾರಿಯಲ್ಲಿ ನಮ್ಮ ಕಡಲ ತೀರಗಳೂ ಇದ್ದವು ಎಂಬ ಸಂಗತಿ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಹಡಗಿನಲ್ಲಿ ಆಗುತ್ತಿದ್ದುದನ್ನು ಮುಂದೆ ದ್ವೀಪದಲ್ಲೇ ಮಾಡತೊಡಗಿದರು. ಅದಕ್ಕೆ ಎರಡು ವಿಧಾನಗಳಿವೆ. ಸಾಮಾನ್ಯ ದರ್ಜೆಯ ವೈನನ್ನು ಬಿಸಿ ಮಾಡಬಲ್ಲ ತೊಟ್ಟಿಗಳಲ್ಲಿ ಸುಮಾರು 45ರಿಂದ 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕನಿಷ್ಠ 3 ತಿಂಗಳು ಇಡುತ್ತಾರೆ. ಉತ್ತಮ ವೈನನ್ನು ಕಾಂಟೇರೊ ಎಂಬ ಕ್ರಮದಲ್ಲಿ, ಅಂದರೆ ಮರದ ಪೀಪಾಯಿಗಳಲ್ಲಿ ತುಂಬಿ, ಬಿಸಿಲಿಗೆ ಕಾಯುವ ಮಾಳಿಗೆಯ ಅಟ್ಟಗಳಲ್ಲಿ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಇಡುತ್ತಾರೆ. ಸಂಗ್ರಾಹಕರಿಗೆ ಬೇಕಾದದ್ದೆಲ್ಲ ಈ ಎರಡನೆಯ ಕ್ರಮದ್ದೇ.

ಪೀಪಾಯಿಯೊಳಗೆ ನಡೆಯುವುದನ್ನು ಗಮನಿಸಿ. ದ್ರಾಕ್ಷಿಯ ಮದ್ಯಸಾರ ಬೆರೆಸಿರುವುದರಿಂದ ವೈನಿನ ಆಲ್ಕೋಹಾಲ್ ಪ್ರಮಾಣ ಶೇ 17ರಿಂದ 22ರಷ್ಟಿರುತ್ತದೆ. ದ್ವೀಪದ ದ್ರಾಕ್ಷಿಯಲ್ಲಿ ಹುಳಿಯ ಅಂಶ ಸಹಜವಾಗಿಯೇ ಬಹಳ ಹೆಚ್ಚು. ಶಾಖ ಮತ್ತು ಗಾಳಿಯ ಸಂಪರ್ಕದಿಂದ ಬೇರೆ ವೈನುಗಳನ್ನು ಕೆಡಿಸುವ ಬದಲಾವಣೆಗಳೆಲ್ಲ ಇಲ್ಲಿ ಮೊದಲೇ ನಡೆದು ಮುಗಿದಿರುತ್ತವೆ. ಮರದ ರಂಧ್ರಗಳ ಮೂಲಕ ಪ್ರತಿ ವರ್ಷ ಒಂದಷ್ಟು ದ್ರವ ಆವಿಯಾಗಿ ಹೋಗುತ್ತದೆ. ಉಳಿದದ್ದರಲ್ಲಿ ಸಕ್ಕರೆ, ಹುಳಿ ಮತ್ತು ಪರಿಮಳ ಸಾಂದ್ರವಾಗುತ್ತಾ ಹೋಗುತ್ತವೆ. ಹೀಗಾಗಿ ಪೀಪಾಯಿಯಲ್ಲಿ ಕಳೆದ ವರ್ಷಗಳೇ ಈ ವೈನಿನ ನಿಜವಾದ ವಯಸ್ಸು. ಫ್ರಾನ್ಸಿನ ಬೋರ್ಡೊದಂಥ ವೈನು ಬಾಟಲಿಯೊಳಗೆ ಬೆಳೆಯುತ್ತದೆ. ಮಡೀರಾ ಬಾಟಲಿಗೆ ಬಂದ ಮೇಲೆ ಬಹುಮಟ್ಟಿಗೆ ತಾನಿದ್ದಂತೆಯೇ ಉಳಿಯುತ್ತದೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಆವಿಯಾಗುವ ಪ್ರಮಾಣ ಮಾಳಿಗೆಯ ಶಾಖವನ್ನೂ ಪೀಪಾಯಿಯ ಗಾತ್ರವನ್ನೂ ಅವಲಂಬಿಸಿರುತ್ತದೆ. ವರ್ಷಕ್ಕೆ ಶೇ 3 ಎಂದು ಇಟ್ಟುಕೊಳ್ಳಿ. 600 ಲೀಟರಿನ ಒಂದು ಪೀಪಾಯಿಯನ್ನು ಮುಟ್ಟದೆ 50 ವರ್ಷ ಬಿಟ್ಟರೆ ಉಳಿಯುವುದು ಸುಮಾರು 130 ಲೀಟರ್, ಅಂದರೆ 170ರಷ್ಟು ಬಾಟಲಿ. ನೂರು ವರ್ಷ ಬಿಟ್ಟರೆ 30 ಲೀಟರೂ ಉಳಿಯುವುದಿಲ್ಲ. 40 ಬಾಟಲಿ ತುಂಬುವುದೂ ಕಷ್ಟ. ಈ ನಷ್ಟವನ್ನು ತಡೆಯುವುದಕ್ಕಾಗಿ, ಮತ್ತು ವೈನು ಅತಿಯಾಗಿ ಗಟ್ಟಿಯಾಗುವುದನ್ನು ತಪ್ಪಿಸುವುದಕ್ಕಾಗಿ, ಒಂದು ಹಂತದ ನಂತರ ಅದನ್ನು ದೊಡ್ಡ ಗಾಜಿನ ಬುರುಡೆಗಳಿಗೆ ವರ್ಗಾಯಿಸಿ ಇಡುವ ಪದ್ಧತಿಯಿದೆ. ಗಾಜಿನಲ್ಲಿ ಆವಿಯಾಗುವುದಿಲ್ಲ, ವಯಸ್ಸೂ ಏರುವುದಿಲ್ಲ. ನೂರು ವರ್ಷದ ಹಿಂದಿನ ವೈನುಗಳಲ್ಲಿ ಹಲವು ನಮ್ಮ ಕೈಗೆ ಬಂದಿರುವುದು ಹೀಗೆಯೇ. ಆದ್ದರಿಂದ ಪ್ರಸ್ತುತ ವರ್ಷದಿಂದ ಲೇಬಲ್ಲಿನ ವರ್ಷದ ಅಂಕಿಯನ್ನು ಕಳೆದು ವಯಸ್ಸು ಲೆಕ್ಕ ಹಾಕುವುದು ಸರಿಯಲ್ಲ. ಯಾವ ವರ್ಷ ಕೊಯ್ದದ್ದು ಎಂಬುದರಷ್ಟೇ ಯಾವಾಗ ಪೀಪಾಯಿಯಿಂದ ತೆಗೆದದ್ದು ಎಂಬುದೂ ಮುಖ್ಯ.

ಇನ್ನು, ಇಷ್ಟು ನಷ್ಟವನ್ನು ಸಹಿಸಿಕೊಂಡು ಯಾರು, ಏಕೆ ವೈನನ್ನು ಇಟ್ಟುಕೊಂಡರು? ನನ್ನ ಉತ್ತರದ ತಿರುಳು ಇಲ್ಲಿದೆ. ಮುಂದೆ ಬೆಲೆ ಬರುತ್ತದೆ ಎಂದು ಯೋಜನೆ ಹಾಕಿ ಇಟ್ಟವರು ಬಹಳ ಕಡಿಮೆ. ಹೆಚ್ಚಿನದು ಮಾರಾಟವಾಗದೆ ಉಳಿದದ್ದು.

18ನೇ ಶತಮಾನದಲ್ಲಿ ಮಡೀರಾಕ್ಕೆ ಅಮೆರಿಕದ ವಸಾಹತುಗಳಲ್ಲಿ ಅಪಾರ ಬೇಡಿಕೆಯಿತ್ತು. 1768ರಲ್ಲಿ ಬಾಸ್ಟನ್ ಬಂದರಿನಲ್ಲಿ ಬ್ರಿಟಿಷ್ ಸುಂಕದ ಅಧಿಕಾರಿಗಳು ಅಲ್ಲಿನ ವ್ಯಾಪಾರಿ ಜಾನ್ ಹ್ಯಾನ್‌ಕಾಕ್ ಅವರ ಲಿಬರ್ಟಿ ಎಂಬ ಹಡಗನ್ನು ವಶಪಡಿಸಿಕೊಂಡು ಊರಿನಲ್ಲಿ ಗಲಭೆಗೆ ಕಾರಣರಾದದ್ದು ಅದು ತಂದಿದ್ದ ಮಡೀರಾ ವೈನಿನ ಸುಂಕದ ವಿಚಾರಕ್ಕೆ. ಈ ಉಚ್ಛ್ರಾಯ 19ನೇ ಶತಮಾನದ ಮಧ್ಯದವರೆಗೆ ಏರಿಳಿತಗಳೊಂದಿಗೆ ನಡೆಯಿತು. ಅನಂತರ 1850ರ ದಶಕದ ಆರಂಭದಲ್ಲಿ ಬೂದಿ ರೋಗ ದ್ವೀಪಕ್ಕೆ ಬಂದು ಕೆಲವೇ ವರ್ಷಗಳಲ್ಲಿ ಬೆಳೆಯನ್ನು ನೆಲಕಚ್ಚಿಸಿತು. ಗಂಧಕದ ಪುಡಿಯಿಂದ ಅದನ್ನು ಹತೋಟಿಗೆ ತಂದು ತೋಟಗಳು ಚೇತರಿಸಿಕೊಳ್ಳುತ್ತಿರುವಾಗಲೇ 1872ರಲ್ಲಿ ಬೇರನ್ನು ತಿನ್ನುವ ಫಿಲಾಕ್ಸೆರಾ ಕೀಟ ಕಾಣಿಸಿಕೊಂಡಿತು. ಅನೇಕ ಬ್ರಿಟಿಷ್ ವ್ಯಾಪಾರಿಗಳು ದ್ವೀಪ ಬಿಟ್ಟರು. ತೋಟಗಳಲ್ಲಿ ಕಬ್ಬು, ಬಾಳೆ ಬಂದವು. ಇಲ್ಲವೇ ರೋಗ ತಡೆಯುವ, ಆದರೆ ಗುಣದಲ್ಲಿ ಕೀಳಾದ ಅಮೆರಿಕನ್ ತಳಿಗಳು ಬಂದವು. ಉಳಿದವರು ತಮ್ಮ ಬಳಿ ಇದ್ದ ಹಳೆಯ ವೈನನ್ನು ಬಹು ಜೋಪಾನವಾಗಿ ಇಟ್ಟುಕೊಂಡರು, ಏಕೆಂದರೆ ಅಂಥದನ್ನು ಮತ್ತೆ ಮಾಡಲು ದ್ರಾಕ್ಷಿಯೇ ಇರಲಿಲ್ಲ.

ಮುಂದಿನ ಪೆಟ್ಟುಗಳು ಮಾರುಕಟ್ಟೆಯ ಮೇಲೆ ಬಿದ್ದವು. 1917ರ ಕ್ರಾಂತಿಯೊಂದಿಗೆ ರಷ್ಯದ ಮಾರುಕಟ್ಟೆ ಮುಚ್ಚಿತು. 1920ರಲ್ಲಿ ಜಾರಿಗೆ ಬಂದ ಪಾನನಿಷೇಧದಿಂದ ಅಮೆರಿಕದ ಬಾಗಿಲೂ 13 ವರ್ಷ ಮುಚ್ಚಿತು. ಅದು ತೆರೆಯುವ ಹೊತ್ತಿಗೆ ಅಲ್ಲಿನ ಜನರ ಅಭಿರುಚಿ ಬದಲಾಗಿತ್ತು. ಫುಂಚಾಲಿನ ವೈನ್ ಮನೆಗಳು, ಅಂದರೆ ವೈನ್ ತಯಾರಿಸಿ ಮಾರುವ ಕಂಪನಿಗಳು, ಬದುಕುಳಿಯಲು ಒಂದುಗೂಡಿದವು. 1913ರಲ್ಲಿ ಆರಂಭವಾದ ಒಕ್ಕೂಟವೊಂದು ಹಂತ ಹಂತವಾಗಿ ಬೆಳೆದು ಬ್ಲಾಂಡೀಸ್, ಲೀಕಾಕ್ಸ್, ಮೈಲ್ಸ್, ಕೊಸಾರ್ಟ್ ಗಾರ್ಡನ್ ಮೊದಲಾದ ಹೆಸರುಗಳನ್ನೆಲ್ಲ ಒಂದೇ ಸೂರಿನಡಿ ತಂದಿತು. ಇಡೀ 20ನೇ ಶತಮಾನದಲ್ಲಿ ಮಡೀರಾ ಎಂದರೆ ಯುರೋಪಿನ ಅಡುಗೆಮನೆಯಲ್ಲಿ ಸಾಸಿಗೆ ಹಾಕುವ ಅಗ್ಗದ ವೈನು ಎಂಬ ಮಾತೇ ನಡೆಯಿತು. ಆದರೆ ಮಾಳಿಗೆಗಳಲ್ಲಿ 1850, 1875, 1908, 1920ರ ಪೀಪಾಯಿಗಳು ಕೊಳ್ಳುವವರಿಲ್ಲದೆ ಹಾಗೆಯೇ ಇದ್ದವು. ಕುಟುಂಬಗಳು ಅವುಗಳನ್ನು ಮಗಳ ಮದುವೆಗೋ ಆಸ್ತಿ ಪಾಲಿಗೋ ಎಂಬಂತೆ ಇಟ್ಟುಕೊಂಡಿದ್ದವು. ನಾವು ಇಂದು ಬೆರಗಿನಿಂದ ಕುಡಿಯುತ್ತಿರುವುದು ಆ ಕಷ್ಟಕಾಲದ ಉಳಿಕೆಯನ್ನು.

ಈ ಕಾರಣದಿಂದಲೇ ವಿರಳತೆ ಎಂಬುದು ಇಲ್ಲಿ ವ್ಯಾಪಾರಿಗಳು ಹುಟ್ಟಿಸಿದ ಮಾತಲ್ಲ. ಬೇಡಿಕೆ ಇದೆಯೆಂದು 1920ರ ಬುವಾಲನ್ನು ಮತ್ತೆ ತಯಾರಿಸಲಾಗದು ಎಂಬುದು ಎಲ್ಲ ಹಳೆಯ ವೈನುಗಳಿಗೂ ಅನ್ವಯಿಸುವ ಮಾತು. ಮಡೀರಾದ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು, 2020ರ ವೈನನ್ನು 2120ರವರೆಗೆ ಯಾರೂ ಇಟ್ಟುಕೊಳ್ಳುವ ಪರಿಸ್ಥಿತಿ ಇಲ್ಲ ಎಂಬುದು. ಈಗ ಮಾರುಕಟ್ಟೆ ಇದೆ. ಬ್ಯಾಂಕಿನ ಬಡ್ಡಿಯ ಲೆಕ್ಕವಿದೆ. 20 ವರ್ಷ ತುಂಬಿದ ಒಳ್ಳೆಯ ಪೀಪಾಯಿಗೆ ಕೊಳ್ಳುವವರು ಕಾದಿದ್ದಾರೆ. ಕೆಲವು ಮನೆಗಳು ಇಂದಿಗೂ ಒಂದಷ್ಟು ಪೀಪಾಯಿಗಳನ್ನು ಮುಂದಿನ ಪೀಳಿಗೆಗೆ ಎಂದು ತೆಗೆದಿಡುತ್ತವೆ ಎಂಬುದು ನಿಜ, ಅವರನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದು ಹಿಂದಿನ ಶತಮಾನಗಳ ದಾಸ್ತಾನಿಗೆ ಸರಿಸಾಟಿಯಾಗಲಾರದು.

ದ್ರಾಕ್ಷಿಯ ವಿಷಯವೂ ಹಾಗೆಯೇ. ದ್ವೀಪದಲ್ಲಿ ಈ ವೈನಿಗೆಂದು ಇರುವ ತೋಟಗಳ ಒಟ್ಟು ವಿಸ್ತೀರ್ಣ 500 ಹೆಕ್ಟೇರಿಗಿಂತ ಕಡಿಮೆ. ಅದೂ ಬೆಟ್ಟದ ಮೆಟ್ಟಿಲುಗಳಲ್ಲಿ, ಯಂತ್ರ ಹೋಗಲಾರದ ಚೂರುಪಾರು ಹಿಡುವಳಿಗಳಲ್ಲಿ ಹಂಚಿಹೋಗಿದೆ. ಕೊಯ್ಲೆಲ್ಲ ಕೈಯಿಂದಲೇ. ಇದರಲ್ಲಿ ಬಹುಪಾಲು ಟಿಂಟಾ ನೆಗ್ರಾ ಎಂಬ ಕಪ್ಪು ದ್ರಾಕ್ಷಿ. ಸಂಗ್ರಾಹಕರು ಅರಸುವ ಬಿಳಿ ತಳಿಗಳಾದ ಸರ್ಸಿಯಾಲ್, ವರ್ದೆಲ್ಯೊ, ಬುವಾಲ್ ಮತ್ತು ಮಾಲ್ವಜಿಯಾ ಇವೆಲ್ಲ ಸೇರಿದರೂ ಸಣ್ಣ ಭಾಗವೇ. ಈ ನಾಲ್ಕು ಹೆಸರುಗಳು ಅದೇ ಕ್ರಮದಲ್ಲಿ ಒಣ ರುಚಿಯಿಂದ ಸಿಹಿಯ ಕಡೆಗೆ ಸಾಗುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಬಾಟಲಿ ಆರಿಸುವುದು ಸುಲಭ. ಐದನೆಯದಾದ ಟೆರಾಂಟೆಜ್ ಕಥೆಯೇ ಬೇರೆ. ತೆಳು ಸಿಪ್ಪೆ, ಒತ್ತಾದ ಗೊಂಚಲು. ಮಳೆ ಬಿದ್ದರೆ ಕೊಳೆಯುತ್ತದೆ, ಇಳುವರಿ ಕಡಿಮೆ. ಅದನ್ನು ತಿನ್ನಲೂ ಬೇಡಿ, ಕೊಡಲೂ ಬೇಡಿ, ದೇವರು ಅದನ್ನು ವೈನಿಗಾಗಿಯೇ ಸೃಷ್ಟಿಸಿದ್ದಾನೆ ಎಂದು ದ್ವೀಪದವರು ಹೇಳುತ್ತಾರೆ. ಫಿಲಾಕ್ಸೆರಾದ ನಂತರ ಹೆಚ್ಚುಕಡಿಮೆ ಅಳಿದೇ ಹೋಗಿದ್ದ ಈ ತಳಿಯನ್ನು ಈಚೆಗೆ ಮತ್ತೆ ನೆಡುತ್ತಿದ್ದಾರೆ. ಸಿಹಿಯೂ ಹುಳಿಯೂ ಮುಗಿದ ಮೇಲೆ ನಾಲಗೆಯ ಕೊನೆಯಲ್ಲಿ ಉಳಿಯುವ ಅದರ ಸಣ್ಣ ಕಹಿಯನ್ನು ಒಮ್ಮೆ ಸವಿದವರು ಮರೆಯುವುದಿಲ್ಲ. ಹಳೆಯ ಟೆರಾಂಟೆಜ್ ಬೆಲೆ ಎಲ್ಲಕ್ಕಿಂತ ಮೇಲಿರುವುದು ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಬೆಲೆಗೆ ಬರೋಣ. ಎರಡು ದಶಕಗಳ ಹಿಂದಿನವರೆಗೂ 19ನೇ ಶತಮಾನದ ಅಸಲಿ ಮಡೀರಾವನ್ನು ಕೆಲವು ನೂರು ಡಾಲರುಗಳಿಗೆ ಕೊಳ್ಳಬಹುದಾಗಿತ್ತು. ಅದೇ ವಯಸ್ಸಿನ ಬೋರ್ಡೊ ಅಥವಾ ಬರ್ಗಂಡಿ ಕುಡಿಯಲು ಯೋಗ್ಯವಾಗಿ ಉಳಿದಿರುವುದೇ ಅಪರೂಪ, ಉಳಿದಿದ್ದರೆ ಅದರ ಬೆಲೆ ಹಲವು ಪಟ್ಟು. ಅಂದರೆ ಮಡೀರಾ ಬಹಳ ಕಾಲ ತನ್ನ ಯೋಗ್ಯತೆಗಿಂತ ಕಡಿಮೆ ಬೆಲೆಗೆ ಹೋಗುತ್ತಿತ್ತು. ಈಗ ಆಗುತ್ತಿರುವ ಏರಿಕೆಯಲ್ಲಿ ಒಂದು ಪಾಲು ಆ ಅಂತರ ತುಂಬಿಕೊಳ್ಳುತ್ತಿರುವುದು. ಇನ್ನೊಂದು ಪಾಲು ದಾಸ್ತಾನು ಕೆಲವೇ ಕೈಗಳಲ್ಲಿ ಸೇರಿರುವುದರಿಂದ ಬಂದದ್ದು. ಹಳೆಯ ವೈನಿನ ದೊಡ್ಡ ಸಂಗ್ರಹಕ್ಕೆ ಹೆಸರಾದ ಡಿ ಒಲಿವೇರಾಸ್ ಮನೆತನ ಬೇರೆ ಹಳೆಯ ಸಂಸ್ಥೆಗಳ ದಾಸ್ತಾನನ್ನು ತನ್ನೊಳಗೆ ಸೇರಿಸಿಕೊಳ್ಳುತ್ತಾ ಬಂದಿದೆ. ಬಿಸಿ ತೊಟ್ಟಿಯನ್ನೇ ಬಳಸದೆ ಹಳೆಯ ಕ್ರಮಕ್ಕೇ ಅಂಟಿಕೊಂಡಿದ್ದ ಅರ್ತುರ್ ದ ಬಾರೊಸ್ ಎ ಸೌಜಾ ಎಂಬ ಪುಟ್ಟ ಮನೆಯೂ 2013ರಲ್ಲಿ ಅದರ ಪಾಲಾಯಿತು. ಪ್ರಮುಖ ಉತ್ಪಾದಕರ ಸಂಖ್ಯೆ ಇಂದು ಹತ್ತನ್ನು ದಾಟುವುದಿಲ್ಲ. ತಮ್ಮ ಮಾಳಿಗೆಯಲ್ಲಿ ಎಷ್ಟು ಉಳಿದಿದೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತು, ಆದ್ದರಿಂದ ದರಪಟ್ಟಿಯನ್ನು ಪರಿಷ್ಕರಿಸುವಾಗ ಅವರು ಹಿಂಜರಿಯುವುದಿಲ್ಲ.

ಹರಾಜುಗಳೂ ಜನರ ಗಮನ ಸೆಳೆದವು. ಅಮೆರಿಕದ ನ್ಯೂ ಜೆರ್ಸಿಯಲ್ಲಿ ಕೀನ್ ವಿಶ್ವವಿದ್ಯಾಲಯಕ್ಕೆ ಸೇರಿದ ಲಿಬರ್ಟಿ ಹಾಲ್ ವಸ್ತುಸಂಗ್ರಹಾಲಯದಲ್ಲಿ ನೆಲಮಾಳಿಗೆಯ ದುರಸ್ತಿ ನಡೆಯುವಾಗ 1796ರ ಮಡೀರಾದ ಪೆಟ್ಟಿಗೆಗಳೂ 19ನೇ ಶತಮಾನದ ಆರಂಭದ ಗಾಜಿನ ಬುರುಡೆಗಳೂ ದೊರೆತವು. ಅವುಗಳಲ್ಲಿ ಕೆಲವು 2018ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಬಹು ದೊಡ್ಡ ಮೊತ್ತಕ್ಕೆ ಹೋದವು. ಎರಡು ಶತಮಾನ ದಾಟಿದ ವೈನು ಇನ್ನೂ ಕುಡಿಯಲು ಯೋಗ್ಯವಾಗಿದೆ ಎಂಬ ಸುದ್ದಿ ವೈನಿನ ಲೋಕದ ಆಚೆಗೂ ಹಬ್ಬಿತು. ಸೇಂಟ್ ಹೆಲೆನಾ ದ್ವೀಪದ ಸೆರೆಗೆ ಸಾಗುತ್ತಿದ್ದ ನೆಪೋಲಿಯನ್‌ಗೆ 1815ರಲ್ಲಿ ಫುಂಚಾಲಿನ ಬ್ರಿಟಿಷ್ ಕಾನ್ಸಲ್ 1792ರ ಒಂದು ಪೀಪಾಯಿ ಕೊಟ್ಟರು, ಆತ ಅದನ್ನು ಮುಟ್ಟಲಿಲ್ಲ, ಪೀಪಾಯಿ ದ್ವೀಪಕ್ಕೆ ಮರಳಿತು, 1950ರಲ್ಲಿ ಅದೇ ವೈನನ್ನು ಚರ್ಚಿಲ್‌ಗೆ ಬಡಿಸಲಾಯಿತು ಎಂಬ ಕಥೆಯನ್ನು ನೀವು ಫುಂಚಾಲಿನಲ್ಲಿ ಕೇಳಿರಬಹುದು. ಸೊಗಸಾದ ಕಥೆ. ಆದರೆ ಇಂಥ ಕಥೆ ಅಂಟಿಕೊಂಡ ಬಾಟಲಿಗೆ ಕೊಡುವ ಹಣದಲ್ಲಿ ಹೆಚ್ಚಿನದು ಕಥೆಯ ಬೆಲೆ. ಹೊಸ ಸಂಗ್ರಾಹಕರು ಅದರಿಂದ ದೂರವಿರುವುದು ಒಳ್ಳೆಯದು.

ಹಾಗಾದರೆ ಈಗ ಆರಂಭಿಸಿದರೆ ತಡವೇ? 19ನೇ ಶತಮಾನದ ಬಾಟಲಿಗಳ ಸಾಲು ಕಟ್ಟುವ ಕಾಲ ಮುಗಿದಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆಳವಾದ, ಸಂತೋಷ ಕೊಡುವ ಸಂಗ್ರಹಕ್ಕೆ ಶತಮಾನದ ಅಂಕಿ ಬೇಕಿಲ್ಲ. ಲೇಬಲ್ಲಿನ ಮೇಲಿನ ಎರಡು ಪದಗಳನ್ನು ಗಮನಿಸಿ. ಫ್ರಸ್ಕೇರಾ ಎಂದಿದ್ದರೆ ಅದು ಒಂದೇ ವರ್ಷದ ಬೆಳೆಯಿಂದ ಮಾಡಿದ, ಕನಿಷ್ಠ 20 ವರ್ಷ ಮರದಲ್ಲಿ ಕಳೆದ ವೈನು. ಕೊಲ್ಯೇಟಾ ಎಂದಿದ್ದರೆ ಅದೂ ಒಂದೇ ವರ್ಷದ್ದು, ಆದರೆ ಮರದಲ್ಲಿ ಕಳೆದ ಕಾಲ ಕನಿಷ್ಠ 5 ವರ್ಷ. 1970ರಿಂದ 1990ರ ದಶಕದವರೆಗಿನ ಫ್ರಸ್ಕೇರಾಗಳು ಇನ್ನೂ ಸಿಗುತ್ತಿವೆ. ಬಹಳ ಸಂದರ್ಭಗಳಲ್ಲಿ ಅವು 30, 40 ವರ್ಷ ಮರದಲ್ಲಿ ಕಳೆದಿರುತ್ತವೆ. ನನ್ನ ದೃಷ್ಟಿಯಲ್ಲಿ ಇಂದು ಹಣಕ್ಕೆ ತಕ್ಕ ಮೌಲ್ಯ ಅತಿ ಹೆಚ್ಚು ಸಿಗುವುದು ಇಲ್ಲಿಯೇ. 20, 30, 40 ವರ್ಷ ಎಂದು ವಯಸ್ಸು ಬರೆದಿರುವ ಮಿಶ್ರಣಗಳನ್ನು ಸಂಗ್ರಾಹಕರು ಕಡೆಗಣಿಸುತ್ತಾರೆ, ಏಕೆಂದರೆ ಅವುಗಳ ಮೇಲೆ ವರ್ಷದ ಅಂಕಿಯಿಲ್ಲ. ಆದರೆ ಬಾರ್ಬೇಟೊದಂಥ ಮನೆಯ ಇಂಥ ಮಿಶ್ರಣಗಳಲ್ಲಿ ಅತ್ಯುತ್ತಮವಾದವು ಎಷ್ಟೋ ಫ್ರಸ್ಕೇರಾಗಳಿಗಿಂತ ಮೇಲು. ಟಿಂಟಾ ನೆಗ್ರಾವನ್ನೂ ಕಡೆಗಣಿಸಬೇಡಿ. ಅದರ ಹೆಸರನ್ನು ಲೇಬಲ್ಲಿನ ಮೇಲೆ ಹಾಕಲು ಅನುಮತಿ ದೊರೆತದ್ದೇ 2015ರಲ್ಲಿ. ಆದ್ದರಿಂದ ಅದರ ಹಳೆಯ ವೈನುಗಳ ಬೆಲೆ ಇನ್ನೂ ಏರಿಲ್ಲ.

ಸೊಲೇರಾ ಎಂಬ ಪದ ಕಂಡರೆ ಎಚ್ಚರವಿರಲಿ. ಇದರಲ್ಲಿ ಹಳೆಯ ಪೀಪಾಯಿಯಿಂದ ಪ್ರತಿ ವರ್ಷ ಸ್ವಲ್ಪ ತೆಗೆದು ಅಷ್ಟೇ ಹೊಸ ವೈನು ತುಂಬುತ್ತಾರೆ. ಇಂದಿನ ನಿಯಮದ ಪ್ರಕಾರ ಒಂದು ಬಾರಿಗೆ ಶೇ 10ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, 10 ಬಾರಿಗಿಂತ ಹೆಚ್ಚು ತುಂಬುವಂತಿಲ್ಲ. ಹಿಂದಿನ ಕಾಲದಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ. ಹಳೆಯ ಬಾಟಲಿಯ ಮೇಲೆ 1808 ಅಥವಾ 1845ರ ಸೊಲೇರಾ ಎಂದಿದ್ದರೆ ಆ ವರ್ಷ ಪೀಪಾಯಿ ಆರಂಭವಾಯಿತು ಎಂದಷ್ಟೇ ಅರ್ಥ. ಒಳಗಿರುವುದರಲ್ಲಿ ಬಹುಪಾಲು ಬಹಳ ಈಚಿನದಾಗಿರಬಹುದು. ಅಂಥವುಗಳಲ್ಲಿಯೂ ಅದ್ಭುತವಾದ ವೈನುಗಳಿವೆ. ಆದರೆ 1845ರ ವೈನಿನ ಬೆಲೆಯನ್ನು ಅವಕ್ಕೆ ಕೊಡಬಾರದು.

ಅಸಲಿತನದ ಪ್ರಶ್ನೆ ಎರಡು ಬಗೆಯ ಬಾಟಲಿಗಳಿಗೆ ಎರಡು ರೀತಿಯಲ್ಲಿ ಅನ್ವಯಿಸುತ್ತದೆ. ಉತ್ಪಾದಕರ ಮಾಳಿಗೆಯಿಂದ ಈಚೆಗೆ ಹೊರಬಂದ ಬಾಟಲಿಯ ಮೇಲೆ ದ್ವೀಪದ ವೈನ್ ಸಂಸ್ಥೆಯ ಸಂಖ್ಯೆಯಿರುವ ಮುದ್ರೆಪಟ್ಟಿ ಇರುತ್ತದೆ. ಆ ಸಂಸ್ಥೆ ಮಾಳಿಗೆಗಳ ದಾಸ್ತಾನಿನ ಲೆಕ್ಕವನ್ನೂ ಇಟ್ಟಿರುತ್ತದೆ, ವೈನನ್ನು ಸವಿದು ಒಪ್ಪಿದ ಮೇಲೆಯೇ ಬಿಡುಗಡೆಗೆ ಅವಕಾಶ ಕೊಡುತ್ತದೆ. ಇಲ್ಲಿ ಮೋಸಕ್ಕೆ ಅವಕಾಶ ಬಹಳ ಕಡಿಮೆ. ಹಿಂಬದಿಯ ಲೇಬಲ್ಲಿನಲ್ಲಿ ಬಾಟಲಿಗೆ ತುಂಬಿದ ವರ್ಷವನ್ನು ನೋಡಿ. ಅದನ್ನು ಸ್ಪಷ್ಟವಾಗಿ ಬರೆಯುವ ಮನೆಗಳ ಬಗ್ಗೆ ನನಗೆ ಹೆಚ್ಚು ವಿಶ್ವಾಸ. ನಿಮ್ಮ 1977ರ ಬಾಟಲಿಯಲ್ಲಿಯೂ ಅದನ್ನು ಹುಡುಕಿ. ತುಂಬಿದ್ದು 2019 ಎಂದಿದ್ದರೆ, ಗಾಜಿಗೆ ವರ್ಗಾಯಿಸದೇ ಇದ್ದ ಪಕ್ಷದಲ್ಲಿ, ನಿಮ್ಮ ವೈನು 40 ವರ್ಷಕ್ಕೂ ಹೆಚ್ಚು ಕಾಲ ಮರದಲ್ಲಿತ್ತು. 1999 ಎಂದಿದ್ದರೆ ಅದು 22 ವರ್ಷದ ವೈನು, ಮತ್ತು ಅದರ ಸ್ವಭಾವ ಹೆಚ್ಚು ಹಗುರ, ಹೆಚ್ಚು ತಾಜಾ. ಎರಡೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಬೆಲೆಯ ಹೋಲಿಕೆ ಮಾಡುವಾಗ ಇದನ್ನು ಮರೆಯಬಾರದು.

ಖಾಸಗಿ ಸಂಗ್ರಹಗಳಿಂದ ಹರಾಜಿಗೆ ಬರುವ ಪುರಾತನ ಬಾಟಲಿಗಳ ವಿಷಯ ಬೇರೆ. ಕಾಗದದ ಲೇಬಲ್ಲು ತೇವಕ್ಕೆ ಬಾಳದು ಎಂದು ದ್ವೀಪದಲ್ಲಿ ಬಾಟಲಿಯ ಮೇಲೆಯೇ ಅಚ್ಚಿಟ್ಟು ಬಿಳಿ ಬಣ್ಣದಲ್ಲಿ ವರ್ಷ, ತಳಿ ಮತ್ತು ಒಡೆಯನ ಹೆಸರಿನ ಮೊದಲಕ್ಷರಗಳನ್ನು ಬರೆಯುತ್ತಿದ್ದರು. ಆ ಬಿಳಿ ಅಕ್ಷರಗಳನ್ನು ಇಂದೂ ಯಾರು ಬೇಕಾದರೂ ಬರೆಯಬಲ್ಲರು, ಆದ್ದರಿಂದ ಅವು ಸಾಕ್ಷ್ಯವಲ್ಲ. ಬಾಟಲಿ ಯಾವ ಕುಟುಂಬದಿಂದ, ಯಾವಾಗ, ಯಾರ ಮೂಲಕ ಬಂತು ಎಂಬ ದಾಖಲೆಯೇ ಸಾಕ್ಷ್ಯ. ಬಹಳ ದುಬಾರಿ ಬಾಟಲಿಗಳಿಗೆ ವಿಕಿರಣ ಇಂಗಾಲದ ಪರೀಕ್ಷೆಯೂ ಸಾಧ್ಯ: 1950ರ ದಶಕದ ಪರಮಾಣು ಪರೀಕ್ಷೆಗಳು ವಾತಾವರಣದ ಇಂಗಾಲದಲ್ಲಿ ಅಳಿಸಲಾಗದ ಗುರುತು ಬಿಟ್ಟಿರುವುದರಿಂದ, ಅನಂತರದ ದ್ರಾಕ್ಷಿಯಿಂದ ಮಾಡಿದ ವೈನನ್ನು 19ನೇ ಶತಮಾನದ್ದೆಂದು ಸಾಧಿಸುವುದು ಕಷ್ಟ. ಆದರೆ ಆ ಪರೀಕ್ಷೆಗೆ ಬಾಟಲಿ ತೆರೆಯಬೇಕಾಗುತ್ತದೆ. ದಾಖಲೆ ಇಲ್ಲದ 1795ರ ಬಾಟಲಿ ಮತ್ತು ದಾಖಲೆ ಇರುವ 1977ರ ಬಾಟಲಿ ಒಂದೇ ಬೆಲೆಗೆ ಸಿಕ್ಕರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಮನೆಯಲ್ಲಿ ಇಡುವುದು ಸುಲಭ. ಬೇರೆ ವೈನುಗಳಂತೆ ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಇದರ ಹುಳಿ ಮತ್ತು ಆಲ್ಕೋಹಾಲ್ ಸತತವಾಗಿ ತಾಗುತ್ತಿದ್ದರೆ ಕಾರ್ಕ್ ಕೊರೆದುಹೋಗುತ್ತದೆ. ಕಾರ್ಕ್ ಒಣಗಿ ಸ್ವಲ್ಪ ಗಾಳಿಯಾಡಿದರೂ ಈ ವೈನಿಗೆ ತೊಂದರೆಯಿಲ್ಲ. ಎರಡು ದಶಕ ದಾಟಿದ ಮೇಲೆ ಕಾರ್ಕಿನ ಸ್ಥಿತಿ ನೋಡಿ ಬದಲಿಸುವುದು ದ್ವೀಪದ ವಾಡಿಕೆ. ಬೆಂಗಳೂರಿನ ಹವೆಗೆ ಹವಾನಿಯಂತ್ರಿತ ಪೆಟ್ಟಿಗೆಯ ಅಗತ್ಯವಿಲ್ಲ. ಬಿಸಿಲು ಬೀಳದ, ಒಲೆಯಿಂದ ದೂರವಿರುವ ಕಪಾಟು ಸಾಕು. ಮಂಗಳೂರು, ಕಾರವಾರದ ಕಡೆಯವರು ಮಾತ್ರ ಮಳೆಗಾಲದಲ್ಲಿ ಲೇಬಲ್ಲಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು, ಹಾಗೂ ಮುಂಬದಿ ಹಿಂಬದಿಯ ಲೇಬಲ್ಲುಗಳ ಫೋಟೊ ತೆಗೆದು ರಸೀದಿಯೊಂದಿಗೆ ಇಟ್ಟುಕೊಳ್ಳಬೇಕು.

ತೆರೆಯುವಾಗ ಅವಸರ ಬೇಡ. ದೀರ್ಘಕಾಲ ಗಾಜಿನಲ್ಲಿದ್ದ ವೈನಿಗೆ ಮೊದಲು ಒಂದು ಮುಚ್ಚಿದ ಕೋಣೆಯ ವಾಸನೆ ಇರುತ್ತದೆ. ಅಗಲ ಬಾಯಿಯ ಜಾಡಿಗೆ ಬಗ್ಗಿಸಿ ಗಾಳಿಗೆ ಬಿಟ್ಟರೆ ಅದು ಹೋಗುತ್ತದೆ. ಬಾಟಲಿಯಲ್ಲಿ ಕಳೆದ ಪ್ರತಿ ದಶಕಕ್ಕೆ ಒಂದು ದಿನ ಎಂಬುದು ಅನೇಕ ಸಂಗ್ರಾಹಕರ ಅಂದಾಜು. ಈಚೆಗೆ ತುಂಬಿದ ಬಾಟಲಿಗೆ ಕೆಲವು ಗಂಟೆ ಸಾಕು. 1977ರ ಬುವಾಲ್ ಲೋಟಕ್ಕೆ ಬಿದ್ದಾಗ ಹಳೆಯ ತೇಗದ ಮರದ ಬಣ್ಣವಿರುತ್ತದೆ, ಅಂಚಿನಲ್ಲಿ ತೆಳುವಾದ ಹಸಿರು ಛಾಯೆ ಕಾಣಬಹುದು. ಈ ಹಸಿರು ಅಂಚು ಮರದಲ್ಲಿ ಬಹುಕಾಲ ಇದ್ದುದರ ಕುರುಹು. ಮೂಗಿಗೆ ಸುಟ್ಟ ಸಕ್ಕರೆ, ಒಣದ್ರಾಕ್ಷಿ, ಹುರಿದ ಅಕ್ರೋಟು ಮತ್ತು ಕಿತ್ತಳೆ ಸಿಪ್ಪೆ, ಜೊತೆಗೆ ಮೆಂತ್ಯವನ್ನು ನೆನಪಿಸುವ ಒಂದು ಎಳೆ. ಆ ಮೆಂತ್ಯದ ಎಳೆಗೆ ಕಾರಣ ಸೊಟೊಲಾನ್ ಎಂಬ ಸಂಯುಕ್ತ. ಅದು ನಮ್ಮ ಮೆಂತ್ಯಕಾಳಿನಲ್ಲಿಯೂ ಇದೆ. ಬಾಯಿಯಲ್ಲಿ ಮೊದಲು ಸಿಹಿ ಹರಡುತ್ತದೆ, ತಕ್ಷಣವೇ ಹುಳಿ ಅದನ್ನು ಎತ್ತಿ ಒರೆಸಿಬಿಡುತ್ತದೆ, ಆದ್ದರಿಂದ ಎಷ್ಟು ಸಿಹಿಯಿದ್ದರೂ ಬಾಯಿ ಕಟ್ಟುವುದಿಲ್ಲ. ತೆರೆದ ಬಾಟಲಿ ಮುಚ್ಚಳ ಹಾಕಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ದುಬಾರಿ ವೈನನ್ನು ಒಂದೇ ರಾತ್ರಿಯಲ್ಲಿ ಮುಗಿಸಬೇಕಾದ ಒತ್ತಡವಿಲ್ಲದಿರುವುದು ಇದರ ಬಹು ದೊಡ್ಡ ಉಪಕಾರ; ಬೆಲೆಯನ್ನು ಲೋಟಗಳ ಲೆಕ್ಕದಲ್ಲಿ ಹಂಚಿ ನೋಡಿದರೆ ಮಡೀರಾ ಇಂದಿಗೂ ಅಷ್ಟು ದುಬಾರಿಯೆನಿಸುವುದಿಲ್ಲ.

ಹೂಡಿಕೆಯ ಬಗ್ಗೆ ಮಾತ್ರ ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂಬುದೇ. ಬೆಲೆ ಏರುತ್ತಿರುವುದು ನಿಜವಾದರೂ ಈ ಮಾರುಕಟ್ಟೆ ಬಹಳ ಚಿಕ್ಕದು. ಬೋರ್ಡೊದಂತೆ ದಿನನಿತ್ಯ ಕೊಡುಕೊಳ್ಳುವವರಿಲ್ಲ. ಮಾರಬೇಕಾದಾಗ ಹರಾಜು ಸಂಸ್ಥೆಯ ಕಮಿಷನ್ ಕಳೆದು ಕೈಗೆ ಬರುವುದು ಅಂಗಡಿಯ ದರಪಟ್ಟಿಯಲ್ಲಿ ನೀವು ಕಂಡ ಬೆಲೆಗಿಂತ ತೀರ ಕಡಿಮೆಯಿರಬಹುದು. ಅದಕ್ಕಿಂತ ಮುಖ್ಯವಾಗಿ, ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಖಾಸಗಿ ವ್ಯಕ್ತಿ ಮದ್ಯ ಮಾರುವಂತಿಲ್ಲ, ಆದ್ದರಿಂದ ನಿಮ್ಮ ಕಪಾಟಿನಲ್ಲಿರುವ ಬಾಟಲಿಯ ಏರಿದ ಬೆಲೆ ನಿಮಗೆ ಎಂದೂ ಹಣವಾಗಿ ಬಾರದು. ಮನೆಯಲ್ಲಿ ಇಟ್ಟುಕೊಳ್ಳುವ ಪ್ರಮಾಣಕ್ಕೂ ಮಿತಿಯಿರುವುದರಿಂದ, ಬಾಟಲಿಗಳ ಸಂಖ್ಯೆ ಹೆಚ್ಚುವ ಮೊದಲು ನಿಮ್ಮ ಪ್ರದೇಶದ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ವಿದೇಶದಿಂದ ಬರುವಾಗ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಹೀಗಿರುವಾಗ ಭಾರತದಲ್ಲಿರುವವರ ಸಂಗ್ರಹ ಪ್ರಯಾಣಕ್ಕೆ ಎರಡು ಬಾಟಲಿಯಂತೆ ನಿಧಾನವಾಗಿಯೇ ಬೆಳೆಯಬೇಕು, ಪ್ರತಿ ಬಾಟಲಿಯನ್ನೂ ಯೋಚಿಸಿ ಆರಿಸಬೇಕು. ಮುಂದಿನ ಸಲ ನಿಮಗಾಗಲಿ ನಿಮ್ಮ ಬಂಧುಗಳಿಗಾಗಲಿ ಅವಕಾಶ ಸಿಕ್ಕರೆ ಇನ್ನೊಂದು ಬುವಾಲ್ ಬೇಡ. ಒಂದು ಹಳೆಯ ಸರ್ಸಿಯಾಲ್ ಮತ್ತು ಒಂದು ಟೆರಾಂಟೆಜ್ ತರಿಸಿ, ಬಾಟಲಿಗೆ ತುಂಬಿದ ವರ್ಷವನ್ನು ಅಂಗಡಿಯಲ್ಲೇ ಓದಿ ನೋಡಿ. ಈಗಿರುವ ಎರಡರಲ್ಲಿ ಒಂದನ್ನು ಈ ವರ್ಷವೇ ತೆರೆಯಿರಿ. ಇನ್ನೊಂದನ್ನು ನಿಮಗೆ ಬೇಕಾದಷ್ಟು ವರ್ಷ ನೆಟ್ಟಗೆ ನಿಲ್ಲಿಸಿಡಬಹುದು.